ಉಗುರಿಗೆ ಸಿಗಬಾರದು

—ಮತ್ತೆ ಉಗುರಿನ ಸಂದಿಯಲ್ಲಿ ಅದೇ ಕೆಂಪು, ಎಷ್ಟು ತಿಕ್ಕಿದರೂ ಹೋಗಲೊಲ್ಲದು, ಯಾರಾದರೂ ನೋಡಿದರೆ ಇವಳು ಯಾರನ್ನೋ ಪರಚಿ ಬಂದಿದ್ದಾಳೆ ಎಂದುಕೊಳ್ಳಬೇಕು, ಪರಚಬೇಕಾದವರು ಇಬ್ಬರಿದ್ದಾರೆ ಅನ್ನುವುದೇನೋ ನಿಜ, ಒಬ್ಬ ಇನ್ನೇನು ಬಂದು ಬಾಗಿಲು ಬಡಿಯುತ್ತಾನೆ, ಇನ್ನೊಬ್ಬ ಒಳಗಿನ ಕೋಣೆಯಲ್ಲಿ ಮಂಚದ ತುದಿಗೆ ಕೂತು ಅಂಗಿಯ ಗುಂಡಿಯನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತಿದ್ದಾನೆ, ಅಡುಗೆಮನೆಯಿಂದಲೇ ಕಾಣುತ್ತದೆ, ಅಪ್ಪಾ ಆ ಗುಂಡಿ ಕಿತ್ತು ಕೈಗೆ ಬರುತ್ತೆ ನೋಡು, ಬಿಡು ಅದನ್ನ, ಬಿಟ್ಟರೆ ತಾನೇ, ಗುಂಡಿ ಬಿಟ್ಟರೆ ಮಂಚದ ಅಂಚು, ಮಂಚ ಬಿಟ್ಟರೆ ಬಾಗಿಲ ಚಿಲಕ, ಕಿಸೆಯಲ್ಲಿರುವ ನಾಣ್ಯ, ತಟ್ಟೆಯ ಕಂಠ, ಈ ಮನೆಯಲ್ಲಿ ಆ ಹೆಬ್ಬೆರಳು ಸವರದ ಸಾಮಾನು ಒಂದಿದ್ದರೆ ತೋರಿಸಿ, ಮುಪ್ಪು ಬಂದರೆ ಕೆಲವರಿಗೆ ಕೆಮ್ಮು ಬರುತ್ತದೆ, ಕೆಲವರಿಗೆ ಮರೆವು, ನಮ್ಮಪ್ಪನಿಗೆ ಬಂದದ್ದು ಇದು, ನನ್ನ ತಲೆ ಕೆಡಿಸುವುದಕ್ಕೆಂದೇ ಹೇಳಿ ಮಾಡಿಸಿದ ಹಾಗೆ. ಇರಲಿ, ಇವತ್ತು ಬಯ್ಯಬಾರದು, ಇವತ್ತು ಅವನ ಕೈ ನಡುಗಬಾರದು, ಮನಸ್ಸು ಕೆಡಬಾರದು, ಇವತ್ತು ಅಣ್ಣನ ಎದುರಿಗೆ ನಿಂತು ಅಪ್ಪ ಗಡ್ಡ ಮಾಡಿಕೊಳ್ಳಬೇಕು, ಮುಖದ ಮೇಲೆ ಒಂದು ಗೀರೂ ಬೀಳದ ಹಾಗೆ, ಬಿದ್ದರೆ ಸಂಜೆಯೊಳಗೆ ಬಟ್ಟೆಬರೆ ಚೀಲಕ್ಕೆ ತುಂಬಿ ಅಣ್ಣನ ಮನೆಗೆ ಸಾಗಿಸುವುದು, ಬೀಳದಿದ್ದರೆ ಇಲ್ಲೇ, ನನ್ನ ಜೊತೆ, ಈ ಎರಡು ಕೋಣೆಯ ಮನೆಯಲ್ಲಿ. ಒಬ್ಬ ಮನುಷ್ಯ ಎಲ್ಲಿ ಬಾಳಬೇಕು ಅನ್ನುವುದನ್ನು ಗಡ್ಡದ ಮೇಲೆ ತೀರ್ಮಾನಿಸಿದ ಮನೆತನ ಲೋಕದಲ್ಲಿ ನಮ್ಮದೊಂದೇ ಇರಬೇಕು.

ಇದಕ್ಕೆಲ್ಲ ಮೂಲ ಆ ಗಾಯಗಳು, ಮೊದಲು ಕಿವಿಯ ಕೆಳಗೆ ಒಂದು, ಆಮೇಲೆ ಗದ್ದದ ಮೇಲೆ, ಆಮೇಲೆ ಗಂಟಲಿನ ಹತ್ತಿರ ಉದ್ದಕ್ಕೆ ಒಂದು, ಕಾಗದದ ಚೂರು ಅಂಟಿಸಿಕೊಂಡು ಹೊರಗೆ ಬಂದು ಏನೂ ಆಗಿಲ್ಲವೆಂಬಂತೆ ಕಾಫಿ ಕೇಳುತ್ತಾನೆ, ಏನಪ್ಪಾ ಇದು, ಏನಿಲ್ಲ, ಬ್ಲೇಡು ಹೊಸದು, ಬ್ಲೇಡು ಹೊಸದಾದರೆ ಬ್ಲೇಡಿನ ತಪ್ಪು, ಹಳೆಯದಾದರೆ ಹಳೆಯದಾದದ್ದರ ತಪ್ಪು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದೇ ದಿನ ಅಣ್ಣ ಅತ್ತಿಗೆ ಬರಬೇಕೇ, ಗಂಟಲಿನ ಕಾಗದ ಅಷ್ಟು ಹೊತ್ತಿಗೆ ಪೂರ್ತಿ ಕೆಂಪಾಗಿತ್ತು, ಅಣ್ಣ ಚಪ್ಪಲಿ ಕೂಡ ಬಿಡದೆ ನಿಂತ, ನೀನು ಬೆಳಗ್ಗೆ ಕೆಲಸಕ್ಕೆ ಹೋದ್ರೆ ಸಂಜೆ ಬರ್ತೀಯ, ಇವನು ಒಬ್ಬನೇ ಮನೇಲಿ ಕತ್ತು ಕುಯ್ಕೊಂಡು ಬಿದ್ದಿದ್ರೆ ಯಾರಿಗೆ ಗೊತ್ತಾಗುತ್ತೆ, ಅತ್ತಿಗೆ ಮೆಲ್ಲಗೆ, ನಮ್ಮನೇಲಿ ಹಗಲೆಲ್ಲ ನಾನಿರ್ತೀನಲ್ಲ ಮಾವ, ಬನ್ನಿ, ಒಂದು ಕೋಣೆ ಖಾಲಿ ಇದೆ, ಪಾಪ ಅವಳು ಕೆಟ್ಟವಳಲ್ಲ, ಕೆಟ್ಟವಳಾಗಿದ್ದರೆ ಎಷ್ಟು ಅನುಕೂಲವಾಗಿರುತ್ತಿತ್ತು, ಜಗಳವಾದರೂ ಆಡಬಹುದಿತ್ತು. ಅಪ್ಪ, ಅಲ್ಲಿನ ಗೋಡೆಗಳೇ ನನಗೆ ಗೊತ್ತಿಲ್ಲವಲ್ಲಮ್ಮ ಅಂದ, ಎಲ್ಲರೂ ನಕ್ಕೆವು, ಗೋಡೆಗಳೇನು ನೆಂಟರೇ ಗುರುತು ಹಿಡಿಯುವುದಕ್ಕೆ. ಅಣ್ಣ ಮಾತ್ರ ನಗದೆ, ಕ್ಷೌರದಂಗಡಿಗಾದ್ರೂ ಹೋಗು ಅಂದ, ಅಪ್ಪ, ಇಡೀ ಸರ್ವೀಸಿನಲ್ಲಿ ಬಸ್ಸಿನ ಸ್ಟೇರಿಂಗನ್ನ ಒಬ್ಬನ ಕೈಗೂ ಕೊಟ್ಟವನಲ್ಲ, ಈಗ ಕತ್ತು ಕೊಡ್ತೀನಾ ಅಂದ, ಅಣ್ಣ ಕೊಂಡು ತಂದಿದ್ದ ಕರೆಂಟಿನ ಮೆಷಿನ್ನು ಡಬ್ಬಿಯೊಳಗೇ ಇದೆ ಇನ್ನೂ, ಅದು ಗುಂಯ್ ಅನ್ನುವುದು ದುಂಬಿಯ ಹಾಗಂತೆ, ಮುಖದ ಹತ್ತಿರ ದುಂಬಿ ಬಿಟ್ಟುಕೊಳ್ಳೋಕೆ ನಾನೇನು ಹೂವಾ ಅಂತ ಕೇಳುತ್ತಾನೆ. ಮಾತಿಗೆ ಮಾತು ಬೆಳೆದು ಕೊನೆಗೆ ಅಣ್ಣನೇ, ಸರಿ, ಮುಂದಿನ ಭಾನುವಾರ ಬರ್ತೀನಿ, ನನ್ನ ಕಣ್ಣೆದುರಿಗೆ ಒಂದು ಗೀರಿಲ್ಲದೆ ಮಾಡ್ಕೊಂಡು ತೋರಿಸು, ಆಮೇಲೆ ನಾನು ಈ ವಿಷಯ ಎತ್ತೋದಿಲ್ಲ ಅಂದ, ಅಪ್ಪ, ಬಾರೋ ಬಾ, ಟಿಕೆಟ್ ತಗೊಂಡು ಬಂದು ನೋಡು ಅಂದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ, ಆ ಇಬ್ಬರೂ ಪಂದ್ಯ ಕಟ್ಟಿದರು, ವಾರವಿಡೀ ನಿದ್ದೆ ಕೆಟ್ಟವಳು ನಾನು.

ನನಗೇಕೆ ಬೇಕು ಇದು, ಕಳಿಸಿಬಿಟ್ಟರೆ ಹಾಯಾಗಿರಬಹುದು, ಸಂಜೆ ಬಂದರೆ ಮನೆ ಮನೆಯ ಹಾಗಿರುತ್ತದೆ, ಸ್ಟೂಲನ್ನು ಗೇಣು ಆಚೆ ಸರಿಸಿದ್ದಕ್ಕೆ ಊರು ಮುಳುಗಿತು ಅನ್ನುವ ಹಾಗೆ ಯಾರೂ ಕೂಗಾಡುವುದಿಲ್ಲ, ಯಾರೇ ಇದನ್ನ ಇಲ್ಲಿಟ್ಟಿದ್ದು, ಇಟ್ಟಿದ್ದು ಇಟ್ಟಲ್ಲೇ ಇರಬೇಕು ಅಂತ ಎಷ್ಟು ಸಲ ಹೇಳೋದು, ಅಪ್ಪಾ ನೆಲ ಒರೆಸೋಕೆ ಸರಿಸಿದ್ದು, ಒರೆಸಿದ ಮೇಲೆ ವಾಪಸ್ ಇಡೋಕೆ ಏನು ರೋಗ. ಕಾಫಿ ತಾನೇ ಬಗ್ಗಿಸಿಕೊಳ್ಳುತ್ತೇನೆ ಅನ್ನುತ್ತಾನೆ, ಬಗ್ಗಿಸುವಾಗ ತೋರುಬೆರಳನ್ನು ಕಪ್ಪಿನ ಒಳಗೆ ಇಳಿಬಿಡುತ್ತಾನೆ, ಥೂ, ಬೆರಳು ಅದ್ದಬೇಡ ಅಂತ ಎಷ್ಟು ಸಲ ಹೇಳಲಿ, ಬಿಸಿ ಇದೆಯೋ ಇಲ್ಲವೋ ನೋಡ್ದೆ ಪುಟ್ಟಿ, ನೋಡುವುದಕ್ಕೆ ಬೆರಳೇ ಬೇಕೇ, ಹಬೆ ಏಳುತ್ತಿದೆಯಲ್ಲ. ಪೇಪರು ನಾನೇ ಓದಿ ಹೇಳಬೇಕು, ಕೆಲಸಕ್ಕೆ ಹೊತ್ತಾಗುತ್ತಿರುತ್ತದೆ, ಒಂದು ಕಾಲು ಚಪ್ಪಲಿಯಲ್ಲಿ ಒಂದು ಕಾಲು ಹೊರಗೆ, ಆಗಲೂ ಓದಬೇಕು, ನಿನ್ನ ಬಾಯಲ್ಲಿ ಕೇಳಿದ್ರೆ ಸುಳ್ಳು ಸುದ್ದಿನೂ ಚೆನ್ನಾಗಿರುತ್ತೆ ಕಣೇ, ಈ ಬೆಣ್ಣೆ ಮಾತಿಗೇನೂ ಕಡಿಮೆಯಿಲ್ಲ. ಬಚ್ಚಲಲ್ಲಿ ದೀಪ ಹಾಕದೆ ಗಡ್ಡ ಮಾಡಿಕೊಳ್ಳುವುದು ಬೇರೆ, ಅದು ಹೊಸದಲ್ಲ, ನಾವು ಚಿಕ್ಕವರಿದ್ದಾಗಿನಿಂದಲೂ ಹಾಗೇ, ಮೊದಲ ಬಸ್ಸು ತೆಗೆಯಬೇಕು, ಇನ್ನೂ ಬೆಳಕು ಹರಿದಿರುವುದಿಲ್ಲ, ದೀಪ ಹಾಕಿದರೆ ನಾವು ಏಳುತ್ತೇವೆ ಅಂತ ಕತ್ತಲಲ್ಲೇ ಸರಕ್ ಸರಕ್ ಅನ್ನಿಸುತ್ತಿದ್ದ, ನಾನು ಎಚ್ಚರವಾಗಿಯೇ ಇರುತ್ತಿದ್ದೆ, ಹೊದಿಕೆಯೊಳಗೆ ಆ ಸದ್ದು ಕೇಳುತ್ತಾ, ಸೋಪಿನ ವಾಸನೆ ಬಾಗಿಲ ಸಂದಿಯಿಂದ ಬರುತ್ತಿತ್ತು, ಆಮೇಲೆ ನುಣ್ಣನೆಯ ತಣ್ಣನೆಯ ಕೆನ್ನೆ ನನ್ನ ಹಣೆಗೆ ಒಂದು ಕ್ಷಣ ತಾಗುತ್ತಿತ್ತು, ಪುಟ್ಟಿ ಮಲಕ್ಕೋ. ಅಮ್ಮ ಹೋದ ಮೇಲೂ ಅದೇ, ನನ್ನ ಮದುವೆ ಮುರಿದು ನಾನು ಒಂದು ಪೆಟ್ಟಿಗೆ ಹಿಡಿದು ವಾಪಸ್ಸು ಬಂದ ಮರುದಿನವೂ ಅದೇ, ಯಾಕೆ ಬಂದೆ ಎಂದು ಕೇಳಲಿಲ್ಲ, ಬೆಳಿಗ್ಗೆ ಹಣೆಗೆ ಕೆನ್ನೆ ತಾಗಿಸಿ ಹೋದ, ಅಷ್ಟೇ. ಅದಕ್ಕೇ ಕಳಿಸಲಾರೆ. ಬಯ್ಯುವುದು ಬೇರೆ, ಕಳಿಸುವುದು ಬೇರೆ.

ರೇಜರೋ, ಅದೊಂದು ದೊಡ್ಡ ಕಥೆ, ಅಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡದ್ದು, ಹಿಡಿಯ ಬುಡ ತಿರುಗಿಸಿದರೆ ಮೇಲಿನ ಮುಚ್ಚಳ ಎರಡು ಹೋಳಾಗಿ ರೆಕ್ಕೆ ಬಿಚ್ಚುತ್ತದೆ, ಒಳಗೆ ಬ್ಲೇಡು, ಹಿಡಿಯ ಕತ್ತಿನಲ್ಲಿ ಒಂದು ಉಂಗುರ, ಉಂಗುರದ ಸುತ್ತ ಒಂದರಿಂದ ಒಂಬತ್ತರವರೆಗೆ ಆಳವಾಗಿ ಕೊರೆದ ಅಂಕಿಗಳು, ಬೇಕಾದ ಅಂಕಿಯನ್ನು ಹಿಡಿಯ ಮೇಲಿನ ಗುರುತಿಗೆ ತಂದು ನಿಲ್ಲಿಸಬೇಕು, ಒಂದಕ್ಕೆ ತಿರುಗಿಸಿದರೆ ಬ್ಲೇಡು ನಾಚಿಕೊಂಡು ಒಳಗಿರುತ್ತದೆ, ಒಂಬತ್ತಕ್ಕೆ ತಿರುಗಿಸಿದರೆ ನಾಲಗೆ ಚಾಚಿದ ಹಾಗೆ ಹೊರಗೆ, ಅಪ್ಪನದು ಕೆನ್ನೆಗೆ ಮೂರು, ಗಂಟಲಿಗೆ ಎರಡು, ಇದನ್ನು ಅವನು ವೇದವಾಕ್ಯದ ಹಾಗೆ ಹೇಳುತ್ತಿದ್ದ. ಕಳೆದ ವಾರ ಕೈಗೆತ್ತಿಕೊಂಡು ನೋಡಿದೆ, ಅಯ್ಯೋ ಕರ್ಮವೇ, ವರ್ಷಗಟ್ಟಲೆಯ ಸೋಪು ಸುಣ್ಣದ ಹಾಗೆ ಗಟ್ಟಿಯಾಗಿ ಅಂಕಿಗಳೆಲ್ಲ ತುಂಬಿಹೋಗಿವೆ, ಹಿಂದೆ ಯಾವಾಗಲೋ ಇದ್ದ ಕೆಂಪು ಬಣ್ಣ ಸಾಸಿವೆ ಕಾಳಿನಷ್ಟೂ ಉಳಿದಿಲ್ಲ, ಮೂರು ಯಾವುದು ಎಂಟು ಯಾವುದು ನನಗೇ ತಿಳಿಯಲಿಲ್ಲ, ಮತ್ತೆ ಕುಯ್ಯದೆ ಇನ್ನೇನಾದೀತು, ಕಾಯಿಲೆ ಸಿಕ್ಕಿತು, ಮದ್ದು ನನ್ನ ಕೈಯಲ್ಲೇ ಇದೆ ಅನ್ನಿಸಿ ಎಷ್ಟು ಹಗುರಾಯಿತು. ಗುರುವಾರ ಸಂಜೆ ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ನೆನೆಸಿದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ, ಸ್ವಲ್ಪ ಹೊತ್ತು ನಿಂಬೆರಸ, ಹೆಚ್ಚು ಹೊತ್ತು ಬಿಟ್ಟರೆ ಮೇಲಿನ ಲೇಪ ಎದ್ದು ಹಿತ್ತಾಳೆ ಹಲ್ಲು ಕಿರಿಯುತ್ತದೆ, ಆಮೇಲೆ ಸೂಜಿ ಹಿಡಿದು ಒಂದೊಂದು ಅಂಕಿಯ ಹೊಟ್ಟೆಯನ್ನೂ ಕೆದಕಿದೆ, ಅಪ್ಪ ಪಕ್ಕದಲ್ಲೇ ಕೂತು, ಏನ್ ಮಾಡ್ತಿದೀಯ, ಹಾಳು ಮಾಡ್ಬೇಡ, ಬಿಡು, ಆಯ್ತಾ, ಇನ್ನೂ ಆಗ್ಲಿಲ್ವಾ, ನನ್ನ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿದ್ದು ಆ ವಟವಟಕ್ಕೆ. ಒರೆಸಿ ಕೈಗೆ ಕೊಟ್ಟೆ. ಹೆಬ್ಬೆರಳು ಉಂಗುರದ ಮೇಲೆ ಒಂದು ಸುತ್ತು ಹೋಯಿತು, ನಿಧಾನಕ್ಕೆ, ಒಂದೊಂದು ಅಂಕಿಯ ಹತ್ತಿರವೂ ನಿಂತು, ಅಪ್ಪನ ಮುಖದಲ್ಲಿ ಅಂಥ ನಗು ನಾನು ಕಂಡು ಎಷ್ಟೋ ಕಾಲವಾಗಿತ್ತು, ಈಗ ಗೊತ್ತಾಗುತ್ತೆ ಪುಟ್ಟಿ, ಈಗ ಸರಿಯಾಗಿ ಗೊತ್ತಾಗುತ್ತೆ, ಅಂದ. ಶುಕ್ರವಾರ ಬೆಳಿಗ್ಗೆ ಬಚ್ಚಲಿನಿಂದ ಬಂದವನ ಮುಖ ತೊಳೆದಿಟ್ಟ ತಟ್ಟೆಯ ಹಾಗಿತ್ತು, ಒಂದು ಗೀರಿಲ್ಲ, ಒಂದು ಕೂದಲಿಲ್ಲ, ನನ್ನ ಕೈ ಹಿಡಿದು ತನ್ನ ಕೆನ್ನೆಯ ಮೇಲೆ ಇಟ್ಟು, ಹೆಂಗೆ, ಅಂದ, ಬರಲಿ ನಿಮ್ಮಣ್ಣ ಅಂದ. ಸಾಕು, ಇನ್ನೇನೂ ಮಾಡ್ಬೇಡ ಅದಕ್ಕೆ, ಹಿಂಗೇ ಇರ್ಲಿ, ಅಂತಲೂ ಅಂದ.

ಅನ್ನುವವನು ಅಂದ, ಕೇಳುವವಳು ಕೇಳಬೇಕಲ್ಲ, ಬಣ್ಣವಿಲ್ಲದ ಅಂಕಿ ನನ್ನ ಕಣ್ಣಿಗೆ ಬೊಕ್ಕ ಬಾಯಿಯ ಹಾಗೆ ಕಾಣುತ್ತದೆ, ನಾನು ಹೊಟ್ಟೆ ಹೊರೆಯುವುದೇ ಆ ಕೆಲಸದಲ್ಲಿ, ಮನೆ ಬಾಗಿಲಿನ ಹೆಸರಿನ ಫಲಕ, ಗೆದ್ದವರಿಗೆ ಕೊಡುವ ಕಪ್ಪು, ನಿವೃತ್ತರಾದವರಿಗೆ ಕೊಡುವ ಹಿತ್ತಾಳೆ ತಗಡು, ಕೊರೆಯುವುದು ಮೆಷಿನ್ನು, ಕೊರೆದ ಅಕ್ಷರಕ್ಕೆ ಬಣ್ಣ ತುಂಬುವುದು ನಾನು. ಸುಮ್ಮನೆ ಬಳಿಯುವುದಲ್ಲ, ಬಳಿಯುವುದು ಯಾರಿಗೂ ಬರುತ್ತದೆ, ತುಂಬಬೇಕು, ಒಣಗಿದಾಗ ಬಣ್ಣ ಒಳಕ್ಕೆ ಕುಗ್ಗುತ್ತದೆ, ಮತ್ತೆ ತುಂಬಬೇಕು, ಮತ್ತೆ ಒಣಗಿಸಬೇಕು, ಅಕ್ಷರವೂ ತಗಡೂ ಒಂದೇ ಮಟ್ಟಕ್ಕೆ ಬರುವ ತನಕ. ನಮ್ಮ ಯಜಮಾನ ಕಣ್ಣಿನಿಂದ ನೋಡುವುದೇ ಇಲ್ಲ, ಕಿರುಬೆರಳಿನ ಉದ್ದ ಉಗುರನ್ನು ಹೆಸರಿನ ಮೇಲೆ ಅಡ್ಡಡ್ಡ ಎಳೆಯುತ್ತಾನೆ, ಟಿಕ್ ಅಂತ ಎಲ್ಲಾದರೂ ಸಿಕ್ಕಿದರೆ ವಾಪಸ್ಸು, ಉಗುರಿಗೆ ಸಿಗಬಾರದಮ್ಮ, ಸಿಕ್ಕಿದ್ರೆ ಅದು ಕೆಲಸವಲ್ಲ, ಅದಕ್ಕೇ ನಾವೆಲ್ಲ ಅವನನ್ನು ಉಗುರಪ್ಪ ಅನ್ನುವುದು, ಅವನ ಬೆನ್ನ ಹಿಂದೆ. ಶನಿವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ರೇಜರನ್ನು ಬಟ್ಟೆಯಿಂದ ಬಿಚ್ಚಿದೆ, ಉಗುರಪ್ಪ ಮೂಗು ತೂರಿಸದೆ ಬಿಡುತ್ತಾನೆಯೇ, ಏನಮ್ಮ ಇದು, ಗಡ್ಡ ಬೆಳೆಸೋದ್ರಲ್ಲಿ ಯಾರಿಗೆ ಫಸ್ಟ್ ಪ್ರೈಜು, ನಮ್ಮಪ್ಪಂದು ಅಂದೆ, ಅವನು ಸುಮ್ಮನೆ ಮೇಲಿನ ಗೂಡಿನಿಂದ ಒಳ್ಳೆಯ ಕೆಂಪಿನ ಡಬ್ಬಿ ತೆಗೆದು ಮುಂದಿಟ್ಟ, ದೊಡ್ಡ ಗಿರಾಕಿಗಳಿಗೆ ಬಳಸುವ ಕೆಂಪು. ಅಂಕಿಯೋ ಇರುವೆಗಿಂತ ದೊಡ್ಡದಿಲ್ಲ, ಉಂಗುರ ಗುಂಡಗಿರುವುದರಿಂದ ಬಣ್ಣ ಜಾರುತ್ತದೆ, ಆರನ್ನು ತುಂಬುವಾಗ ಐದರದ್ದು ಇಳಿಯುತ್ತದೆ, ಒರೆಸು, ಮತ್ತೆ ತುಂಬು, ಎಂಟರ ಎರಡು ಹೊಟ್ಟೆಯಲ್ಲಿ ಒಂದು ತುಂಬಿದರೆ ಇನ್ನೊಂದರಲ್ಲಿ ಗುಳ್ಳೆ, ಯಾವ ಪಾಪಿ ಕಂಡುಹಿಡಿದನೋ ಈ ಎಂಟನ್ನು, ಬಯ್ಯುತ್ತಾ ಬಯ್ಯುತ್ತಾ ತುಂಬಿದೆ, ಒಣಗಿಸುವ ದೀಪದ ಕೆಳಗಿಟ್ಟೆ, ಕುಗ್ಗಿತು, ಮತ್ತೆ ತುಂಬಿದೆ, ಕೊನೆಗೆ ಮೇಲೊಂದು ಗಾಜಿನಂಥ ಪಾರದರ್ಶಕ ಲೇಪ, ಸೋಪಿನ ನೀರು ಇನ್ನು ಜನ್ಮದಲ್ಲಿ ಒಳಗೆ ಇಳಿಯಬಾರದು. ಉಗುರಪ್ಪ ಬಂದು ಕಿರುಬೆರಳು ಎಳೆದ. ಎಲ್ಲೂ ಸಿಗಲಿಲ್ಲ. ಇನ್ನೊಂದು ಸುತ್ತು ಎಳೆದ. ಭಲೇ, ಅಂದ, ಅವನ ಬಾಯಿಂದ ಆ ಮಾತು ಬಂದದ್ದು ನಾನು ಸೇರಿದ ಮೇಲೆ ಅದೇ ಮೊದಲು.

ಮನೆಗೆ ಬಂದರೆ ಅಪ್ಪ ಕೆಂಡ, ನನ್ನ ರೇಜರ್ ಎಲ್ಲಿ, ಯಾರನ್ನ ಕೇಳಿ ತಗೊಂಡು ಹೋದೆ, ಬಚ್ಚಲ ಗೂಡಿನಲ್ಲಿ ತಡಕಿ ತಡಕಿ ಎಣ್ಣೆಯ ಸೀಸೆ ಬೀಳಿಸಿದ್ದಾನೆ, ನೆಲವೆಲ್ಲ ಎಣ್ಣೆ, ನನಗೂ ಸಿಟ್ಟು ನೆತ್ತಿಗೇರಿತು, ಅಪ್ಪಾ ನಿನ್ನ ಒಳ್ಳೇದಕ್ಕೇ ತಾನೇ, ನಾಳೆ ಕೊಡ್ತೀನಿ, ಅಲ್ಲಿವರೆಗೂ ಬಣ್ಣ ಮುಟ್ಟಬಾರದು, ಬಣ್ಣವಾ, ಬಣ್ಣ ಯಾಕೆ, ಬಣ್ಣ ಯಾರು ಕೇಳಿದ್ರು ನಿನ್ನ, ನೋಡಿದಿರಾ, ಉಪಕಾರ ಮಾಡಿದವಳ ಹಣೆಬರಹ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ, ಎಣ್ಣೆ ಒರೆಸುತ್ತಾ ಸಂಜೆಯೆಲ್ಲ ಮಾತಾಡಲಿಲ್ಲ ನಾನು. ಅವನು ಗೋಡೆಯ ಪಕ್ಕ ಕೂತು ಬೆಂಕಿಪೊಟ್ಟಣದ ಬದಿಯನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತಿದ್ದ, ಚರ್ ಚರ್ ಚರ್, ಬೇಕೆಂದೇ, ನನಗೆ ಕೇಳಲಿ ಎಂದೇ.

ಬಾಗಿಲು. ಬಂದರು. ಅತ್ತಿಗೆಯ ಕೈಯಲ್ಲಿ ಹಣ್ಣಿನ ಚೀಲ, ಅಣ್ಣನ ಕೈಯಲ್ಲಿ ಒಂದು ದೊಡ್ಡ ಖಾಲಿ ಚೀಲ, ನೋಡಿ ಎಷ್ಟು ನಂಬಿಕೆ ಅವನಿಗೆ ನನ್ನಪ್ಪನ ಮೇಲೆ, ಬಟ್ಟೆ ತುಂಬುವುದಕ್ಕೆ ಚೀಲ ಸಮೇತ ಬಂದಿದ್ದಾನೆ, ಕೂಸು ಹುಟ್ಟುವ ಮುಂಚೆ ಕುಲಾವಿ, ಹೇಳಬೇಕೆಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿದೆ. ಕಾಫಿ ಕುಡೀತೀಯಾ, ಆಮೇಲೆ, ಮೊದ್ಲು ಪಂದ್ಯ ಮುಗೀಲಿ, ಅಣ್ಣ ನಗುತ್ತಲೇ ಅಂದ ಆದರೆ ಮುಖ ಬಾಡಿದೆ, ಅವನೂ ವಾರವಿಡೀ ನಿದ್ದೆ ಮಾಡಿಲ್ಲವೇನೋ. ಕುರ್ಚಿ ಎತ್ತಿಕೊಂಡು ಬಚ್ಚಲ ಬಾಗಿಲಿಗೆ ನೇರವಾಗಿ ಹಾಕಿ ಕೂತ, ನಾಟಕ ನೋಡುವವನ ಹಾಗೆ, ಆ ಕುರ್ಚಿ ಅಲ್ಲಿದ್ದದ್ದಲ್ಲ, ಅಪ್ಪ ಕೋಣೆಯಿಂದ ಬಂದವನು ಮೊಣಕಾಲು ಬಡಿಸಿಕೊಂಡ, ಅಯ್ಯೋ ಅಪ್ಪಾ ನೋಡ್ಕೊಂಡು ಬರ್ಬಾರ್ದಾ ಅಂದ ಅಣ್ಣ, ಇಲ್ಲಿ ಯಾಕೋ ಇಟ್ಟೆ ಇದನ್ನ ಬಡವ ಅಂದ ಅಪ್ಪ, ಅಣ್ಣ ನನ್ನ ಮುಖ ನೋಡಿದ, ನಾನು ಬೇರೆ ಕಡೆ ನೋಡಿದೆ, ಆಟ ಶುರುವಾಗುವ ಮುಂಚೆಯೇ ಸೋಲಬೇಡ ಮಾರಾಯ. ಬಚ್ಚಲಿಗೆ ನಿನ್ನೆ ಹೊಸ ಬಲ್ಬು ಹಾಕಿಸಿದ್ದೇನೆ, ಎಷ್ಟು ಬೆಳಕೆಂದರೆ ಬಕೆಟ್ಟಿನ ಗೀರುಗಳೆಲ್ಲ ಎಣಿಸಬಹುದು, ಸ್ವಿಚ್ ಒತ್ತಿದೆ, ಕನ್ನಡಿ ಧಗ್ ಎಂದಿತು, ನನಗೇ ಕಣ್ಣು ಕುಕ್ಕಿತು, ಅಪ್ಪ ಮಿಟುಕಿಸಲೂ ಇಲ್ಲ. ಬಿಸಿನೀರು, ಬ್ರಷ್ಷು, ಸೋಪಿನ ಬಟ್ಟಲು, ಎಲ್ಲ ಅವನು ಇಡುವ ಜಾಗದಲ್ಲೇ ಇಟ್ಟಿದ್ದೇನೆ, ಅದರಲ್ಲಿ ಗೇಣು ಆಚೀಚೆಯಾದರೆ ಇವತ್ತಿನ ಸುಪ್ರಭಾತ ನನಗೇ. ನೊರೆ ಹಚ್ಚಿದ, ಅದನ್ನು ನೋಡುವುದೇ ಒಂದು ಚೆಂದ, ಕಿವಿಯಿಂದ ಕಿವಿಗೆ, ಮೀಸೆಯ ಅಂಚು ಒಂದು ಚೂರೂ ತಪ್ಪದೆ, ಅತ್ತಿಗೆ ಕೂಡ, ಮಾವ ಎಷ್ಟು ಚೆನ್ನಾಗಿ ಹಚ್ಕೊಂಡ್ರು ಅಂದಳು. ಆಗ ನಾನು ಬಟ್ಟೆ ಬಿಚ್ಚಿ ರೇಜರನ್ನು ಅವನ ಕೈಗಿಟ್ಟೆ, ಬೆಳಕಿಗೆ ಒಂಬತ್ತು ಅಂಕಿಯೂ ಮಾಣಿಕ್ಯದ ಹರಳಿನ ಹಾಗೆ ಹೊಳೆದವು, ಅಣ್ಣ ಕೂತಲ್ಲಿಂದಲೇ, ಅರೆ, ಇದೇನೇ ಹೊಸದಾ ಅಂದ, ನನ್ನ ಎದೆ ಗೇಣುದ್ದ ಉಬ್ಬಿತು. ಹೇಗಿದೆ ಅಪ್ಪಾ. ಥಳಥಳ ಅಂತಿದೆ ಪುಟ್ಟಿ, ಅಂದ, ಮುಖ ಅಣ್ಣನ ಕಡೆಗಿತ್ತು.

ಇನ್ನೇನು, ಮೂರಕ್ಕೆ ತಿರುಗಿಸು, ಶುರು ಮಾಡು. ಹೆಬ್ಬೆರಳು ಉಂಗುರದ ಮೇಲೆ ಹೋಯಿತು, ಒಂದು ಸುತ್ತು, ಸರಿ, ಅಭ್ಯಾಸ. ಇನ್ನೊಂದು ಸುತ್ತು. ಸಾಕು ಅಪ್ಪಾ ಸವರಿದ್ದು, ಇವತ್ತೊಂದು ದಿನ ಆ ಚಾಳಿ ಬಿಡು, ಬಾಯಿಬಿಟ್ಟು ಹೇಳುವ ಹಾಗಿಲ್ಲ, ಹಲ್ಲು ಕಚ್ಚಿ ನಿಂತಿದ್ದೇನೆ, ನೊರೆ ಒಣಗುತ್ತಿದೆ, ಏನಪ್ಪಾ ಆಯ್ತು, ಅಣ್ಣ, ಇರೋ, ಗೇರ್ ಹಾಕ್ತಿದೀನಿ, ಅಪ್ಪ, ಅತ್ತಿಗೆ ನಕ್ಕಳು, ಮತ್ತೊಂದು ಸುತ್ತು, ಈಗ ಉಗುರಿನಿಂದ, ಮೆಲ್ಲಗೆ, ಉಗುರಪ್ಪ ಎಳೆದ ಹಾಗೆ, ಅವನ ಹುಬ್ಬು ಗಂಟಿಕ್ಕಿತು, ಯಾಕೆ ಗಂಟಿಕ್ಕುತ್ತೀಯ, ಕಣ್ಣ ಮುಂದೆಯೇ ಇದೆ ಮೂರು, ಹೆಬ್ಬೆರಳಿನ ಪಕ್ಕದಲ್ಲೇ, ಕೆಂಪಗೆ ಕೂಗುತ್ತಿದೆ, ಕೆಳಗೆ ನೋಡು, ಬಗ್ಗಿ ನೋಡು ಒಂದು ಸಲ, ಯಾಕೆ ನೋಡುತ್ತಿಲ್ಲ, ಕನ್ನಡಿಯ ಕಡೆಗೇ ಮುಖ ಇಟ್ಟುಕೊಂಡು ಏನು ಹುಡುಕುತ್ತಿದ್ದೀಯ. ತಿರುಗಿದ, ನನ್ನ ಕಡೆಗಲ್ಲ, ನಾನು ನಿಂತಲ್ಲಿಂದ ಒಂದು ಮೊಳ ಆಚೆ ಗೂಟಕ್ಕೆ ನೇತುಹಾಕಿದ್ದ ಟವೆಲಿನ ಕಡೆಗೆ, ಟವೆಲಿಗೆ ಬಯ್ದ, ಪುಟ್ಟೀ, ಏನೇ ಮಾಡಿದೆ ಇದಕ್ಕೆ, ಅಂಕಿ ಎಲ್ಲಿ, ಬೇಡ ಬೇಡ ಅಂದ್ರೂ ಕೇಳ್ದೆ ಉಜ್ಜಿ ಉಜ್ಜಿ ಅಂಕಿನೆಲ್ಲ ಅಳಿಸಿಹಾಕಿದೀಯಲ್ಲೇ. ಅಣ್ಣ ಜೋರಾಗಿ ನಕ್ಕ, ಎಲ್ಲಿ ಅಂದ್ರೆ ಏನಪ್ಪಾ, ಅಲ್ಲೇ ಇದೆಯಲ್ಲ, ಕೆಂಪಗೆ, ನನಗೆ ಇಲ್ಲಿಂದಾನೇ ಕಾಣ್ತಿದೆ, ಎಂದವನ ನಗು ಅರ್ಧಕ್ಕೇ ನಿಂತುಹೋಯಿತು.

ನಲ್ಲಿ ತೊಟ್ಟಿಕ್ಕುವುದು ಕೇಳಿತು. ಹಾಂ, ಹೌದು ಹೌದು, ಇದೆ, ಕಂಡಿತು, ಸೋಪು ಮೆತ್ಕೊಂಡಿತ್ತು, ಅಪ್ಪ ಗಡಿಬಿಡಿಯಲ್ಲಿ ಅಂದ, ಅಂದವನೇ ಉಂಗುರವನ್ನು ಎಲ್ಲಿಗೋ ತಿರುಗಿಸಿ ರೇಜರನ್ನು ಕೆನ್ನೆಗೆ ಎತ್ತಿದ, ಗುರುತಿನ ಎದುರಿಗೆ ನಿಂತದ್ದು ಮೂರಲ್ಲ, ಎಂಟು, ಎರಡು ಹೊಟ್ಟೆಯನ್ನೂ ಬಯ್ದುಕೊಂಡು ತುಂಬಿದ ಎಂಟು, ನಾನು ಹೇಗೆ ಮುಂದೆ ಹೋದೆನೋ ತಿಳಿಯದು, ಮುಂಗೈ ಹಿಡಿದೆ, ಬ್ಲೇಡು ನೊರೆಗೆ ತಾಗಿತ್ತು, ಚರ್ಮಕ್ಕೆ ಇನ್ನೂ ಇಲ್ಲ. ಅಪ್ಪಾ. ನಾನು ಅಷ್ಟೇ ಅಂದದ್ದು. ಕಪ್ಪಿನೊಳಗೆ ಇಳಿಬಿಟ್ಟ ಬೆರಳು, ಅಲ್ಲಿನ ಗೋಡೆಗಳೇ ನನಗೆ ಗೊತ್ತಿಲ್ಲ, ಸ್ಟೂಲು, ಪೇಪರು, ಎಣ್ಣೆಯ ಸೀಸೆ, ನಿನ್ನ ಬಾಯಲ್ಲಿ ಕೇಳಿದ್ರೆ ಚೆನ್ನಾಗಿರುತ್ತೆ, ಒಂದರ ಹಿಂದೆ ಒಂದು ಬಂದು ಕೆನ್ನೆಗೆ ಹೊಡೆದ ಹಾಗೆ, ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಇಷ್ಟು ದಿನ, ಎಂದಿನಿಂದ ಕಾಣುತ್ತಿಲ್ಲಪ್ಪಾ ನಿನಗೆ, ಎಷ್ಟು ದಿನದಿಂದ, ನಾನು ಬಯ್ಯುತ್ತಲೇ ಇದ್ದೆನಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ, ನೋಡುವ ಕೆಲಸವನ್ನು ಅವನಿಗಾಗಿ ಮಾಡುತ್ತಿದ್ದ ಒಂಬತ್ತು ಹಳ್ಳಗಳಿದ್ದವು, ಅದರಲ್ಲಿ ಒಂದನ್ನೂ ಬಿಡದೆ ಮುಚ್ಚಿಬಂದೆ, ಅಷ್ಟು ನಾಜೂಕಾಗಿ, ಭಲೇ ಅನ್ನಿಸಿಕೊಂಡು. ಅಣ್ಣ ಕುರ್ಚಿಯಿಂದ ಎದ್ದಿದ್ದಾನೆ, ಚೀಲ ಅವನ ಕೈಯಿಂದ ಜಾರಿದೆ, ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಾಳೆ, ಎಲ್ಲರಿಗೂ ಗೊತ್ತಾಯಿತು ಅನ್ನುವುದು ಅವನಿಗೂ ಗೊತ್ತಾಗಿದೆ. ಮುಂಗೈ ನನ್ನ ಹಿಡಿಯಲ್ಲಿ ತಣ್ಣಗೆ ಕೂತಿದೆ, ಬಿಡಿಸಿಕೊಳ್ಳುತ್ತಿಲ್ಲ, ಹೆಬ್ಬೆರಳು ಮಾತ್ರ ಇನ್ನೂ ನಿಂತಿಲ್ಲ, ಉಂಗುರದ ಮೇಲೆ ಹೋಗುತ್ತಿದೆ, ಮೂರನ್ನು ದಾಟಿ, ನಾಲ್ಕನ್ನು ದಾಟಿ, ಹಿಂದಕ್ಕೆ ಬಂದು, ಮತ್ತೆ ಮೂರನ್ನು ದಾಟಿ, ಎಲ್ಲೂ ಏನೂ ಸಿಗದೆ, ನುಣ್ಣಗೆ, ಹೆಬ್ಬೆರಳು, ಮತ್ತೆ ಮೂರನ್ನು ದಾಟಿ, ಹೆಬ್ಬೆರಳು